ಕಣ್ಣು ಮುಚ್ಚಿ ಕೇಳಿದವನು

"ಈ ಹೊಲಿಗೆ ಯಾರದು?"

ಹೊಸಬ ಹೆಡ್‌ಫೋನನ್ನು ಕೈಗೆತ್ತಿಕೊಂಡು ಮೊದಲು ಕೇಳಿದ್ದೇ ಇದು. ಉಳಿದವರೆಲ್ಲ ಅದರ ಮರದ ಬಟ್ಟಲನ್ನೂ ತಾಮ್ರದ ಜಾಲರಿಯನ್ನೂ ನೋಡಿ ಬಾಯಿ ಬಿಡುತ್ತಿದ್ದರೆ, ಅವನ ಹೆಬ್ಬೆರಳು ಮಾತ್ರ ಕಿವಿಮೆತ್ತೆಯ ಅಂಚಿನಲ್ಲಿ ನಿಧಾನವಾಗಿ ಓಡುತ್ತಿತ್ತು.

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಅವಳಿಗೆ ಯಾರೋ ತನ್ನ ಕೈಯನ್ನೇ ಮುಟ್ಟಿದಂತಾಯಿತು.

"ನನ್ನದು," ಅಂದಳು.

"ಮಿಷನ್ನಿಂದಲ್ಲ ಅಂತ ಗೊತ್ತಾಯ್ತು. ಮಿಷನ್ನಿಗೆ ತಿರುವು, ನೇರ ಎಲ್ಲಾ ಒಂದೇ. ನೀವು ತಿರುವಿನಲ್ಲಿ ಹೊಲಿಗೆ ಹತ್ತಿರ ಮಾಡಿದೀರ."

ಮೂರು ವರ್ಷದಿಂದ ಅವಳು ಚರ್ಮದ ಮೆತ್ತೆ ಹೊಲಿಯುತ್ತಿದ್ದಾಳೆ. ಇದನ್ನು ಕಂಡುಹಿಡಿದ ಮೊದಲ ಮನುಷ್ಯ ಇವನು... ಕಿವಿಯ ಹಿಂದೆ ಬೆಚ್ಚಗಾಯಿತು. ಸುಮ್ಮನೆ ಸೂಜಿಪೆಟ್ಟಿಗೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು.

ಅದು ಅವಳ ಚಿಕ್ಕಪ್ಪನ ಆಡಿಯೊ ಅಂಗಡಿಯ ಮಹಡಿ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ನಾಲ್ಕೈದು ಜನ ಶಬ್ದದ ಹುಚ್ಚರು ಸೇರುತ್ತಿದ್ದರು. ಹೊಸ ಹೆಡ್‌ಫೋನ್ ಬಂದರೆ ಒಂದು ಕಟ್ಟುಪಾಡು: ಕೇಳುವವನ ಕಣ್ಣಿಗೆ ಕಪ್ಪು ಬಟ್ಟೆ. "ಕಣ್ಣಿಗೆ ಹೊಟ್ಟೆ ತುಂಬಿದ್ರೆ ಕಿವಿಗೆ ಹಸಿವಿರಲ್ಲ," ಎನ್ನುವುದು ಚಿಕ್ಕಪ್ಪನ ಮಾತು.

ಆದರೆ ಆ ದಿನ ಚಿಕ್ಕಪ್ಪನೇ ಬಟ್ಟೆಯನ್ನು ಮರೆತಿದ್ದ. ಹೆಡ್‌ಫೋನ್ ಅಷ್ಟು ಚೆಂದವಿತ್ತು.

"ತಲೆ ಮೇಲೆ ಎರಡು ಬಟ್ಟಲು ಕವುಚಿದ ಹಾಗಿದೆ ನೋಡಿ. ಆದ್ರೂ ತೆಗೆಯೋಕೆ ಮನಸ್ಸು ಬರಲ್ಲ," ಅಂದರು ಹಲ್ಲಿನ ಡಾಕ್ಟರು, ಕನ್ನಡಿಯ ಮುಂದೆ ತಿರುಗಿ ತಿರುಗಿ.

"ನೀವು ಕೇಳ್ತಿದೀರೋ, ಹೆಣ್ಣು ನೋಡೋಕೆ ಹೊರಟಿದೀರೋ?" ನಿವೃತ್ತ ಮೇಷ್ಟ್ರು ಕೈ ಚಾಚಿದರು. "ಕೊಡಿ ಇಲ್ಲಿ. ಆಹಾ... ಏನು ಬೇಸ್ ಸದ್ದು. ಎದೆಗೇ ಬಂತು."

"ಇನ್ನೂ ಹಾಡೇ ಹಾಕಿಲ್ಲ ಮೇಷ್ಟ್ರೇ," ಅಂದ ಚಿಕ್ಕಪ್ಪ.

ಎಲ್ಲರೂ ನಕ್ಕರು. ಹಾಡು ಹಾಕಿದ ಮೇಲೂ ಮೇಷ್ಟ್ರು ಅದನ್ನೇ ಹೇಳಿದರು. ಡಾಕ್ಟರೂ ಹೌದೆಂದರು. ಅವಳ ಎದೆ ಹಗುರಾಯಿತು. ಹೆಡ್‌ಫೋನ್ ಮಾಡಿದ ಎಂಜಿನಿಯರ್ ದೂರದ ಊರಿನವರು. ಮೆತ್ತೆ ಮಾತ್ರ ಇವಳದು. ಈ ಗುಂಪು ಒಪ್ಪಿದರೆ ಮುಂದಿನ ನಲವತ್ತು ಜೋಡಿಗೂ ಅವಳೇ ಹೊಲಿಯಬೇಕೆಂದು ಮಾತಾಗಿತ್ತು. ಬೇರೆಯವರ ಹರಿದ ಮೆತ್ತೆಗೆ ತೇಪೆ ಹಾಕುತ್ತಾ ಕೂತವಳಿಗೆ ತನ್ನದೇ ಹೆಸರಿನ ಕೆಲಸ!

ಕೊನೆಯ ಸರದಿ ಹೊಸಬನದು. ಡಾಕ್ಟರ ಮನೆಯ ಕೆಳಗೆ ಬಾಡಿಗೆಗಿದ್ದವನು, ಪಿಯಾನೊಗಳಿಗೆ ಶ್ರುತಿ ಮಾಡುವವನು. ಅವನು ಯಾರೂ ಹೇಳದೆಯೇ ಕಣ್ಣು ಮುಚ್ಚಿಕೊಂಡ. ಒಂದು ಹಾಡು ಕೇಳಿದ. ಇನ್ನೊಂದು ಕೇಳಿದ. ಹುಬ್ಬು ಗಂಟಾಯಿತು.

"ಹೇಗಿದೆ?" ಅವಳೇ ಕೇಳಿದಳು.

ಅವನು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. "ನೋಡೋಕೆ ಇಷ್ಟು ಚೆಂದದ್ದು ನಾನು ಕಂಡಿಲ್ಲ. ಆದ್ರೆ... ಹಾಡೋಳು ಎದುರಿಗಿಲ್ಲ. ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡ ಹಾಗಿದೆ. ಮೆತ್ತೆಯಲ್ಲೇ ಏನೋ ಹೆಚ್ಚುಕಮ್ಮಿ ಆಗಿದೆ ಅನ್ಸುತ್ತೆ."

ಡಾಕ್ಟರೂ ಮೇಷ್ಟ್ರೂ ಅವಳ ಕಡೆ ತಿರುಗಿದರು.

ಅಷ್ಟು ಹೊಗಳಿ, ಈಗ ಇಷ್ಟು ಜನರ ಮುಂದೆ... ಅವಳ ನಾಲಿಗೆ ಬುದ್ಧಿಗಿಂತ ಮುಂದೆ ಓಡಿತು.

"ಎಲ್ಲರಿಗೂ ಚೆನ್ನಾಗಿ ಕೇಳಿಸಿದ್ದು ನಿಮಗೊಬ್ಬರಿಗೆ ಕೇಳಿಸ್ಲಿಲ್ಲ ಅಂದ್ರೆ, ಮೆತ್ತೆ ಬದಲು ಕಿವಿ ತೋರಿಸ್ಕೊಳ್ಳಿ."

ಅವನ ಮುಖ ಬಿಳಿಚಿಕೊಂಡಿತು. ಹೆಡ್‌ಫೋನನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.

ಗೆದ್ದೆ ಅಂದುಕೊಂಡಳು. ಗೆದ್ದ ರುಚಿ ಮಾತ್ರ ಬಾಯಿಗೆ ಹತ್ತಲಿಲ್ಲ.

ಗುರುವಾರ ಮಧ್ಯಾಹ್ನ ಎಂಜಿನಿಯರಿಗೆ ಅಳತೆ ಕಳಿಸಲೆಂದು ಅವಳು ಮೆತ್ತೆಗಳನ್ನು ಬಿಚ್ಚಿದಳು. ಆ ಮೆತ್ತೆಗಳು ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ದಪ್ಪ ಭಾಗ ಕಿವಿಯ ಹಿಂದೆ ಬರಬೇಕು. ಆಗ ಶಬ್ದ ಮುಂದಿನಿಂದ ಬಂದಂತಿರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ, ಒಳಗಡೆ ಎಡದ್ದಕ್ಕೆ ಒಂದು ಗಂಟು, ಬಲದ್ದಕ್ಕೆ ಎರಡು ಗಂಟು ಹಾಕುವುದು ಅವಳ ಪದ್ಧತಿ.

ಎಡಗಡೆಯಿಂದ ಬಿಚ್ಚಿದ ಮೆತ್ತೆಯಲ್ಲಿ ಎರಡು ಗಂಟಿತ್ತು.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು, ಎರಡು. ಮತ್ತೆ ಎಣಿಸಿದಳು. ಎರಡೇ.

ಶನಿವಾರ ಸಂಜೆ ಒಂದು ಹೊಲಿಗೆ ಬಿಗಿಮಾಡಲು ಎರಡನ್ನೂ ತೆಗೆದು, ಅವಸರದಲ್ಲಿ ಮರಳಿ ಹಾಕಿದ್ದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಸರಿಯಾಗಿ ಹಾಕಿ, ಅದೇ ಹಾಡು ಹಚ್ಚಿ, ಕಣ್ಣು ಮುಚ್ಚಿದಳು. ಹಾಡುವವಳು ಬಾಗಿಲು ತೆಗೆದು ಎದುರಿಗೆ ಬಂದು ನಿಂತಳು.

ಅಷ್ಟು ಜನರಲ್ಲಿ ಒಬ್ಬನಿಗೆ ಮಾತ್ರ ಕೇಳಿಸಿತ್ತು... ಅವನಿಗೇ ಕಿವಿ ತೋರಿಸಿಕೋ ಅಂದೆನಲ್ಲ.

ಅಷ್ಟರಲ್ಲಿ ಡಾಕ್ಟರು ಕೇಬಲ್ ಕೊಳ್ಳಲು ಬಂದರು. ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿಯೇಬಿಟ್ಟಳು. "ನಿಮ್ಮ ಬಾಡಿಗೆಯವರು ಈ ಭಾನುವಾರ ಬರ್ತಾರಾ?"

"ಎಲ್ಲಿ ಬರ್ತಾನಮ್ಮ. ಸೋಮವಾರವೇ ಕಿವಿ ಡಾಕ್ಟರ ಹತ್ರ ಹೋಗಿದ್ದ. ಸಭಾಂಗಣದ ದೊಡ್ಡ ಪಿಯಾನೊ ಕೆಲಸ ಬಂದಿತ್ತು, ನನ್ನ ಕೈಲಾಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂದುಬಿಟ್ನಂತೆ. ಅವರಮ್ಮನಿಗೆ ನಲವತ್ತಕ್ಕೇ ಕಿವಿ ಹೋಗಿತ್ತು. ತನಗೂ ಶುರುವಾಯ್ತು ಅಂತ ಹೆದರಿದಾನೆ, ಪಾಪ."

ಡಾಕ್ಟರು ಹೋದ ಮೇಲೆ ಬಹಳ ಹೊತ್ತು ಅವಳ ಸೂಜಿಗೆ ದಾರ ಸೇರಲಿಲ್ಲ.

ಚಿಕ್ಕಪ್ಪ ಅವಳು ಹೇಳಿದ್ದೆಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಪುಟ್ಟಿ, ಈಗ ಸರಿಯಾಗಿದೆಯಲ್ಲ. ಸುಮ್ಮನಿರು. ಎಲ್ಲರೂ ಒಪ್ಪಿ ಆಗಿದೆ. ಎಡಬಲ ತಪ್ಪಿಸಿದ್ಲು ಅಂತ ಎಂಜಿನಿಯರಿಗೆ ಗೊತ್ತಾದ್ರೆ ನಲವತ್ತು ಜೋಡಿ ನಿನ್ನ ಕೈಗೆ ಕೊಡ್ತಾರಾ?"

"ಕೊಡದೇ ಇರಬಹುದು."

"ಮತ್ತೆ?"

"ನನ್ನ ಕೆಲಸ ಉಳಿಯೋಕೆ ಅವರ ಕೆಲಸ ಹೋಗ್ಬೇಕಾ ಚಿಕ್ಕಪ್ಪ? ಅವರಿಗೆ ಇರೋದೇ ಆ ಎರಡು ಕಿವಿ."

ಚಿಕ್ಕಪ್ಪ ಅವಳನ್ನೇ ನೋಡಿದ. "ಇದು ಬರೀ ನ್ಯಾಯದ ಮಾತಾ, ಅಥವಾ..."

"ಚಿಕ್ಕಪ್ಪ."

"ಆಯ್ತಮ್ಮ, ನಾನೇನೂ ಕೇಳಿಲ್ಲ."

ಅವಳು ಆಗಲೇ ಎಂಜಿನಿಯರಿಗೆ ಫೋನ್ ಮಾಡಿದಳು. ನಡೆದದ್ದನ್ನು ನಡೆದಂತೆ ಹೇಳಿದಳು. "ಆ ಜೋಡಿ ವಾಪಸ್ ಕಳಿಸಿ. ಮುಂದಿನದು ಆಮೇಲೆ ನೋಡೋಣ," ಎಂದಷ್ಟೇ ಉತ್ತರ.

ಭಾನುವಾರ ಗುಂಪಿನೆದುರು ಎದ್ದು ನಿಂತಳು. "ಹೋದ ವಾರ ನೀವೆಲ್ಲ ಕೇಳಿದ್ದು ತಪ್ಪು ಮೆತ್ತೆ. ಎಡಬಲ ಅದಲುಬದಲು ಮಾಡಿದ್ದೆ. ತಪ್ಪು ನನ್ನದು. ಅದನ್ನ ಕಂಡುಹಿಡಿದವರಿಗೆ ನಾನು ಕೆಟ್ಟ ಮಾತಾಡಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಎದೆಗೇ ಬಂತು ಅಂದಿದ್ದೆನಲ್ಲ ನಾನು."

"ಹಾಡು ಹಾಕೋ ಮುಂಚೆನೇ ಬಂದಿತ್ತಲ್ಲ ನಿಮಗೆ," ಅಂದರು ಡಾಕ್ಟರು. ಆಮೇಲೆ ತಾವೂ ಕನ್ನಡಿಯ ಕಡೆ ನೋಡಿ ತಲೆ ತಗ್ಗಿಸಿದರು. "ಅವನು ಸಂಗೀತ ಶಾಲೆಯಲ್ಲಿದಾನಮ್ಮ. ಸೋಮವಾರದಿಂದ ದಿನಾ ಅಲ್ಲಿನ ಹಳೇ ಪಿಯಾನೊ ಮುಂದೆ ಕೂತಿರ್ತಾನೆ. ಹೋಗು."

ಸಂಗೀತ ಶಾಲೆಯ ಉದ್ದನೆಯ ಓಣಿಯಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಕೇಳಿಸುತ್ತಿತ್ತು. ಟಣ್... ನಿಶ್ಶಬ್ದ. ಟಣ್... ನಿಶ್ಶಬ್ದ. ಆ ಶಬ್ದ ಹಿಡಿದೇ ಅವಳು ಕೊನೆಯ ಕೋಣೆ ತಲುಪಿದಳು.

ಪಿಯಾನೊದ ಮುಚ್ಚಳ ತೆರೆದಿತ್ತು. ಅವನು ತಂತಿ ಬಿಗಿಮಾಡುವ ಹಿಡಿಕೆ ಹಿಡಿದು ಬಗ್ಗಿದ್ದ. ಅವಳನ್ನು ಕಂಡು ನೆಟ್ಟಗಾದ. ಕೂತುಕೊಳ್ಳಿ ಅನ್ನಲಿಲ್ಲ.

ಅವಳು ಬಾಗಿಲಲ್ಲೇ ನಿಂತು ಹೇಳಿದಳು. ಗಂಟು, ಅವಸರ, ಎಡಬಲ, ಎಂಜಿನಿಯರಿಗೂ ತಪ್ಪು ಒಪ್ಪಿಕೊಂಡದ್ದು ಎಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಒಳ್ಳೆಯ ಮಾತುಗಳು ಒಂದೂ ನೆನಪಾಗಲಿಲ್ಲ.

"ನಿಮಗೆ ಕೇಳಿಸಿದ್ದು ಸರಿ ಇತ್ತು. ನಾನು ಆಡಿದ ಮಾತು ತಪ್ಪು," ಎಂದು ಮುಗಿಸಿದಳು.

ಅವನು ಹಿಡಿಕೆಯನ್ನು ನಿಧಾನವಾಗಿ ಕೆಳಗಿಟ್ಟ.

"ಆರು ದಿನದಿಂದ ಇದೊಂದೇ ತಂತಿ," ಅಂದ. "ಬಿಗಿ ಮಾಡ್ತೀನಿ, ಸರಿಯಾಯ್ತು ಅನ್ಸುತ್ತೆ. ನಿಮ್ಮ ಮಾತು ನೆನಪಾಗುತ್ತೆ, ಸಡಿಲ ಮಾಡ್ತೀನಿ. ಎಷ್ಟು ಸಿಟ್ಟು ಬಂದಿತ್ತು ಗೊತ್ತಾ ನಿಮ್ಮ ಮೇಲೆ?"

"ಬರಬೇಕಾದ್ದೇ. ಈಗಲೂ ಬೈದುಬಿಡಿ."

"ಬೈಯೋಣ ಅಂತಲೇ ಇದ್ದೆ. ನೀವು ಮೊದಲೇ ಬೈಕೊಂಡು ಬಂದಿದೀರಲ್ಲ, ನನಗೇನು ಉಳಿಸಿದೀರ?"

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಕಿವಿ ಡಾಕ್ಟರ್ ಏನಂದ್ರು?"

"ಕಿವಿ ಚೆನ್ನಾಗಿದೆ ಅಂದ್ರು. ಕಾಗದದಲ್ಲಿ ಗೆರೆ ಎಳೆದು ತೋರಿಸಿದ್ರು. ನಂಬಲಿಲ್ಲ." ಅವನು ಅವಳ ಮುಖ ನೋಡಿದ. "ಈಗ ನಂಬಿದೆ."

"ಡಾಕ್ಟರಿಗಿಂತ ನನ್ನ ಮಾತು ದೊಡ್ಡದಾ?"

"ನಿಜ ಹೇಳಿದ್ರೆ ಅವರಿಗೆ ಕಳ್ಕೊಳ್ಳೋದು ಏನೂ ಇರಲಿಲ್ಲ. ನಿಮಗಿತ್ತು. ಆ ಹೊಲಿಗೆ ಮುಟ್ಟಿದಾಗಲೇ ಗೊತ್ತಾಗಿತ್ತು, ಆ ಕೆಲಸ ನಿಮಗೆ ಎಷ್ಟು ಮುಖ್ಯ ಅಂತ." ಸ್ವಲ್ಪ ತಡೆದು ಕೇಳಿದ, "ಹೋಯ್ತಾ ಕೆಲಸ?"

"ಗೊತ್ತಿಲ್ಲ. ಆಮೇಲೆ ನೋಡೋಣ ಅಂದಿದಾರೆ."

ಅವನು ಹಿಡಿಕೆ ಎತ್ತಿಕೊಂಡು, ಒಮ್ಮೆ ತಿರುಗಿಸಿ, ಸ್ವರ ಒತ್ತಿದ. ಅವಳಿಗೆ ಶ್ರುತಿ ತಿಳಿಯದು. ಆದರೆ ಅವನ ಭುಜ ಸಡಿಲಾದದ್ದು ಕಾಣಿಸಿತು. ಈ ಸಲ ಆ ತಂತಿಯನ್ನು ಅವನು ಮತ್ತೆ ಮುಟ್ಟಲಿಲ್ಲ.

"ಸಭಾಂಗಣದವರಿಗೆ ಇನ್ನೂ ಯಾರೂ ಸಿಕ್ಕಿಲ್ಲವಂತೆ," ಅಂದ, ಪಿಯಾನೊ ನೋಡುತ್ತಲೇ. "ನಾಳೆ ಬರ್ತೀನಿ ಅಂತ ಹೇಳ್ತೀನಿ. ಆದ್ರೆ... ಒಬ್ಬನೇ ಹೋಗೋಕೆ ಇನ್ನೂ ಒಂಥರಾ ಅಳುಕು. ನೀವು ಬರ್ತೀರಾ?"

"ನನಗೆ ಶ್ರುತಿ ಗೊತ್ತಾಗಲ್ಲ ರೀ."

"ಗೊತ್ತಾಗೋದು ಬೇಡ. ಪಕ್ಕದಲ್ಲಿದ್ರೆ ಸಾಕು."

ಅವಳ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ, ಇಷ್ಟು ಸೂಕ್ಷ್ಮ ಕಿವಿಯವನಿಗೆ ಅದೂ ಕೇಳಿಸಿಬಿಡಬಹುದೇನೋ ಅನ್ನಿಸಿತು.

"ನಾಳೆ ಒಂದು ದಿನಕ್ಕಾ?" ಕೇಳಿದಳು.

"ನಿಮಗೆ ಬೇಜಾರಾಗೋವರೆಗೆ."

ಅವಳು ಗೋಡೆಯ ಬಳಿಯಿದ್ದ ಕುರ್ಚಿ ಎಳೆದು, ಅವನ ಪಕ್ಕಕ್ಕೆ ಹಾಕಿಕೊಂಡು ಕೂತಳು.

"ದಿನಕ್ಕೆ ನಾನೂರು ಹೊಲಿಗೆ ಹಾಕೋಳು ನಾನು," ಅಂದಳು. "ನಂಗೆ ಅಷ್ಟು ಬೇಗ ಬೇಜಾರಾಗಲ್ಲ."