ಯಾರು ಬೇಕಾದರೂ ಒಯ್ಯಬಹುದು

"ನನ್ನ ಪ್ರೋಗ್ರಾಮ್ ಮುಟ್ಟಿದ್ದು ಯಾರು?"

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಕಂಪ್ಯೂಟರ್ ಸೆಂಟರಿನಲ್ಲಿ ಕೂತವರೆಲ್ಲ ತಲೆಯೆತ್ತಿದರು.

"ನಾನು!" ಸೆಂಟರ್ ನಡೆಸುತ್ತಿದ್ದ ಶೈಲಾ ಎದ್ದು ನಿಂತಳು. "ತೆರೆದಿಟ್ಟು ಚಹಾಕ್ಕ ಹೋಗಿದ್ರಿ. ತಪ್ಪು ಕಣ್ಣಿಗೆ ಬಿತ್ತು, ತಿದ್ದಿದೆ. ಮೆಕ್ಕೆಜೋಳದ ತೇವ ಒಂದೊಂದು ಗಾಡೀದು ಒಂದೊಂದು ಥರ ಇರ್ತೈತ್ರಿ. ನೀವು ಎಲ್ಲಾ ಕೂಡಿಸಿ ಕೊನೀಗೆ ಒಮ್ಮೆ ತೇವದ ತೂಕ ಕಳೆದ್ರ, ರೈತರು ಸುಮ್ನ ಬಿಡ್ತಾರೇನು?"

ಕೊಟ್ಟೂರಿನಿಂದ ದಿನವೂ ಬಸ್ಸಿಗೆ ಬಂದು ಇಲ್ಲಿ ಕೂತು ಪ್ರೋಗ್ರಾಮ್ ಬರೆಯುತ್ತಿದ್ದ ಗುರುಶಾಂತ ಪರದೆಯನ್ನೇ ದಿಟ್ಟಿಸಿದ. ಇನ್ನೇನು ಬೈಯುತ್ತಾನೆ ಎಂದು ಅವಳು ದುಪಟ್ಟಾ ಬಿಗಿ ಮಾಡಿಕೊಂಡಳು.

ಅವನು ನಕ್ಕುಬಿಟ್ಟ!

"ಮುಟ್ರಿ. ಎಲ್ಲಾರೂ ನೋಡ್ಲಿ, ತಿದ್ದಲಿ, ಯಾರು ಬೇಕಾದ್ರೂ ಒಯ್ಲಿ ಅಂತನ ಮಾಡಾಕತ್ತೀನಿ. ಆದ್ರ ಹೇಳಿ ಮುಟ್ರಿ, ಎದಿ ಒಡದು ಹೋತು ನಂದು!"

ಅದು ಎರಡು ಸಾವಿರದ ಆರನೆಯ ಇಸವಿ. ಯಾವ ಊರಿನಿಂದ ಎಷ್ಟು ಕಾಳು ಬಂತು, ಯಾರು ಕೊಂಡರು, ಎಷ್ಟು ಉಳಿಯಿತು... ಅಂಗಡಿಯ ವ್ಯವಹಾರವನ್ನೆಲ್ಲ ಸೋಸಿ ಕನ್ನಡದಲ್ಲೇ ವರದಿ ಅಚ್ಚು ಹಾಕಿ ಕೊಡುವ ಸಾಫ್ಟ್‌ವೇರ್ ಅವನದು. ಬೀಗ ಹಾಕಿದ ಸರಕಲ್ಲ. ಒಳಗಿನ ಬರಹವೆಲ್ಲ ಇಂಟರ್ನೆಟ್ಟಿನಲ್ಲಿ ಬಯಲಿಗಿತ್ತು. ಓಪನ್ ಸೋರ್ಸ್ ಎನ್ನುತ್ತಾರಲ್ಲ, ಅದು.

"ಇದು ಯಾವ ಅಂಗಡಿಯಾಗೂ ನಡೀಲಿಲ್ಲ ಅಂದ್ರ," ಅನ್ನುತ್ತಿದ್ದ ಅವನು, "ಹಡಗಲಿಗೆ ಹೋಗಿ ಮಾವನ ಬಟ್ಟಿ ಅಂಗಡ್ಯಾಗ ಕೂಡ್ತೀನಿ."

ಆ ಮಾತು ಕೇಳಿದಾಗಲೆಲ್ಲ ಶೈಲಾಳ ಎದೆಯಲ್ಲಿ ಏನೋ ಕಳಚಿದಂತಾಗುತ್ತಿತ್ತು. ಅವನು ಬರದ ದಿನ ಸೆಂಟರಿನಲ್ಲಿ ಗಾಳಿಯೇ ಆಡುತ್ತಿರಲಿಲ್ಲ. ಲೆಕ್ಕ ಅವಳದು, ಕಟ್ಟೋಣ ಅವನದು. 'ರೀ' ಹೋಗಿ 'ನೀನು' ಬಂತು, ಅವನ ಬಾಯಲ್ಲಿ ಮಾತ್ರ.

ಆಮೇಲೆ ಬಂದಳು ಅರ್ಚನಾ.

ಬಂದಳು ಅಂದರೆ, ಮೇಲ್‌ನಲ್ಲಿ ಬಂದಳು. ಇಂಟರ್ನೆಟ್ಟಿನಲ್ಲಿ ಪ್ರೋಗ್ರಾಮ್ ಕಂಡ ಹೊಸಪೇಟೆಯ ಹುಡುಗಿ. ಕಾಗದಕ್ಕೆ ಬರುವಾಗ 'ಹರಪನಹಳ್ಳಿ'ಯ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತಿತ್ತು. ಯಾರಿಗೂ ಬಗೆಹರಿಯದ್ದನ್ನು ಅವಳು ಸರಿಮಾಡಿ ಕಳಿಸಿದಳು.

"ಶೈಲಾ, ನೋಡಿಲ್ಲಿ! ಒತ್ತು ಹೆಂಗ ಕುಂತೈತಿ! ಅರ್ಚನಾ ಅಂದ್ರ ಅರ್ಚನಾ!"

'ನಾನು ತೇವದ ಲೆಕ್ಕ ತಿದ್ದಿದಾಗ ಹಿಂಗ ಕುಣಿದಿದ್ದನಾ? ಇಲ್ಲ...'

ಅಂದಿನಿಂದ ಅವನ ಬಾಯಲ್ಲಿ ಅದೇ ಹೆಸರು. ಒಲೆಯ ಮೇಲಿನ ಹಾಲು ಉಕ್ಕುವ ಮುಂಚೆ ಸದ್ದು ಮಾಡುವುದಿಲ್ಲ. ಶೈಲಾಳೂ ಮಾಡಲಿಲ್ಲ. ಒಂದು ಮಧ್ಯಾಹ್ನ ಪರದೆ ನೋಡಿ ಕೇಳಿದಳು:

"ನನ್ನ ಲೆಕ್ಕ ಎಲ್ಲಿ?"

"ಅರ್ಚನಾ ತನ್ನ ಲೆಕ್ಕ ಕಳಿಸ್ಯಾಳ. ಬೇಗ ಓಡ್ತೈತಿ. ಅದನ್ನ ಹಾಕಿದೆ."

ಶೈಲಾ ಓದಿದಳು. ಅದೇ ತಪ್ಪು! ತೇವವನ್ನೆಲ್ಲ ಕೊನೆಗೆ ಒಟ್ಟಿಗೇ ಕಳೆಯುವುದು! ಹೇಳಬೇಕೆಂದು ಬಾಯಿ ತೆರೆದಳು. ಮುಚ್ಚಿದಳು. 'ಅವಳನ್ನೇ ಕೇಳಲಿ!'

"ಹಂಗಾರ ನನಗೊಂದು ಪ್ರತಿ ಕೊಡ್ರಿ. ನಾನು ಬ್ಯಾರಿ ಮಾಡ್ಕೋತೀನಿ."

ಅವನ ಮುಖ ಬಾಡಿತು. 'ಬ್ಯಾಡ ಅನ್ರಿ... ಒಂದೇ ಒಂದು ಸಲ ಅನ್ರಿ...' ಎಂದು ಅವಳು ಒಳಗೇ ಬೇಡಿಕೊಂಡಳು.

"ಒಯ್ಯಿ," ಎಂದ ಗುರುಶಾಂತ. "ಯಾರು ಬೇಕಾದ್ರೂ ಒಯ್ಯಬಹುದು. ನಾನ ಬರದ ನಿಯಮ."

ಅಷ್ಟೇ! ಬಸ್ಸು ಹತ್ತಿ ಹೋದವನು ಮತ್ತೆ ಸೆಂಟರಿಗೆ ಬರಲಿಲ್ಲ.

ಶೈಲಾ ತನ್ನ ಲೆಕ್ಕವನ್ನೇ ಮತ್ತೆ ಹಾಕಿ ತನ್ನ ಪ್ರತಿಯನ್ನು ಹಟದಿಂದ ಕಟ್ಟಿದಳು. ಅದರಿಂದ ಮೊದಲು ಕಿತ್ತೆಸೆದದ್ದು ಯಾವುದನ್ನು ಗೊತ್ತೇ? ಅರ್ಚನಾ ಕೂರಿಸಿದ್ದ ಒತ್ತಕ್ಷರವನ್ನು!

ಮೆಕ್ಕೆಜೋಳದ ವ್ಯಾಪಾರಿ ನಾಗೇಂದ್ರಪ್ಪ ಇಬ್ಬರನ್ನೂ ಒಂದೇ ಬೆಳಿಗ್ಗೆ ಅಂಗಡಿಗೆ ಕರೆದರು. ಯಾರ ವರದಿ ಸರಿಯೋ ಅವರ ಪ್ರೋಗ್ರಾಮ್ ಅಂಗಡಿಗೆ.

ಶೈಲಾ ಒಂದು ನಿರ್ಧಾರ ಮಾಡಿಯೇ ಹೋಗಿದ್ದಳು. ತಪ್ಪನ್ನು ಅವನ ಕಿವಿಯಲ್ಲಿ ಹೇಳಿಬಿಡಬೇಕು. ಆದರೆ ಗಾದಿಯ ಪಕ್ಕದಲ್ಲಿ ಅವನ ಜೊತೆ ಒಬ್ಬ ಹುಡುಗಿ!

"ಅರ್ಚನಾ, ಹೊಸಪೇಟೆಯಿಂದ ಈಗ ಬಂದ್ಳು," ಎಂದ ಗುರುಶಾಂತ. ತಾನೇ ಎದ್ದು ಅವಳಿಗೆ ಕುರ್ಚಿ ಕೊಟ್ಟ. ಚಹಾ ತರಿಸಿದ.

ಶೈಲಾ ಅವನ ಕಡೆ ಹೋಗದೆ, ತನ್ನ ವರದಿಯ ಕಾಗದವನ್ನು ಸೀದಾ ನಾಗೇಂದ್ರಪ್ಪನವರ ಕೈಗೆ ಕೊಟ್ಟಳು.

ನಾಗೇಂದ್ರಪ್ಪ ಎರಡೂ ಕಾಗದ ಕನ್ನಡಕಕ್ಕೆ ಹತ್ತಿರ ಹಿಡಿದರು.

"ಏನವ್ವಾ ಶೈಲಾ, ತೂಕ ಸರಿ ಐತಿ. ಆದ್ರ ನಮ್ಮೂರ ಹೆಸರಿಗೆ ಕಾಲು ಮುರದೈತಲ್ಲ? ಗುರುಶಾಂತಪ್ಪಾ, ನಿಂದು ಅಕ್ಷರ ಮುತ್ತಿನಂಗ ಅದಾವು, ತೂಕ ಮಾತ್ರ ಸುಳ್ಳು. ಇದನ್ನ ತೋರಿಸಿದ್ರ ಬಾಗಳಿ ಊರಿನ ರೈತರು ನನ್ನ ಅಂಗಡಿ ಕಟ್ಟಿ ಹತ್ತಲ್ಲ!"

ಹಮಾಲರು ಕಿಸಕ್ಕನೆ ನಕ್ಕರು.

"ಅದು ನನ್ನ ತಪ್ಪು!" ಅರ್ಚನಾ ಥಟ್ಟನೆ ಎದ್ದಳು. "ಶೈಲಕ್ಕನ ಲೆಕ್ಕಾನ ಸರಿ, ವಾಪಸ್ ಹಾಕ್ರಿ ಅಂತ ಬರದಿದ್ನಲ್ರೀ ಸರ್! ಮೇಲ್ ನೋಡ್ಲಿಲ್ಲೇನು?"

"ಇಲ್ಲ."

"ಯಾಕ್ರಿ?"

ಅವನು ನೆಲ ನೋಡಿದ. "ಶೈಲಾ ಬ್ಯಾರಿ ಆದ ಮ್ಯಾಲ... ಕಂಪ್ಯೂಟರ್ ಮುಂದ ಕೂಡಾಕ ಆಗ್ಲಿಲ್ಲ."

ಅವನು ನಾಗೇಂದ್ರಪ್ಪನವರ ಕಡೆ ತಿರುಗಿದ.

"ಸಾಹುಕಾರ್ರ, ಕೆಲಸ ಶೈಲಾಗ ಕೊಡ್ರಿ. ಒತ್ತು ಅರ್ಚನಾ ಕೂರಿಸಿಕೊಡ್ತಾಳ." ಗುರುಶಾಂತ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

'ಹಡಗಲಿ ಬಸ್ಸು ಹತ್ತಾಕ ಹೊಂಟಾನ, ಮಾವನ ಅಂಗಡಿಗೆ!'

ಶೈಲಾ ಓಡಿದಳು. ಮೆಕ್ಕೆಜೋಳದ ರಾಶಿಗಳ ನಡುವೆ, ತೂಕದ ಕಲ್ಲು, ಚೀಲ ದಾಟಿ ಓಡಿದಳು. ಮಾರ್ಕೆಟ್ ಯಾರ್ಡಿನ ಗೇಟಿನ ಹತ್ತಿರ ಅವನ ತೋಳು ಹಿಡಿದಳು.

"ನಿಲ್ರಿ! ತಪ್ಪು ನನಗ ಆವತ್ತ ಕಂಡಿತ್ತು. ಹೇಳ್ಲಿಲ್ಲ. ಆಕಿ ಅಕ್ಷರ ನಾನ ಕಿತ್ತು ಹಾಕಿದೆ. ಹೊಟ್ಟಿಕಿಚ್ಚು... ನಿಮ್ಮ ಬಾಯಾಗ ಆಕಿ ಹೆಸರು ತಡಕೊಳ್ಳಾಕ ಆಗ್ಲಿಲ್ಲ. ಬೈರಿ, ಆದ್ರ ಹಂಗ ಸುಮ್ನ ಹೋಗಬ್ಯಾಡ್ರಿ!"

ಅವನ ಕಣ್ಣು ತುಂಬಿತ್ತು.

"ನಿನ್ನ ಪ್ರತೀನ ದಾವಣಗೆರೆಯಾಂವ ಯಾವನೋ ಹೊಗಳಿದ್ದನಂತ, ಗೊತ್ತೈತಾ? ಕೇಳಿದ ದಿನ ನನಗ ಊಟ ಸೇರ್ಲಿಲ್ಲ. ಎಲ್ಲಾರಿಗೂ ಬಯಲಿಗಿಟ್ಟಾಂವ ನಾನು, ನನಗ್ಯಾಕ ಹೊಟ್ಟಿ ಉರೀಬೇಕು? ನಾಚಿಕಿ ಆತು ಶೈಲಾ... ಅದಕ್ಕ ಬರ್ಲಿಲ್ಲ."

"ಪ್ರೋಗ್ರಾಮ್ ಯಾರಾದ್ರೂ ಒಯ್ಲಿ. ನನ್ನ ಯಾಕ ತಡೀಲಿಲ್ರಿ?"

"ತಡೆಯಾಕ ನಾನ್ಯಾರು ಅಂತ..."

"ಯಾರು ಅಂತ ಈಗ ಹೇಳ್ರಿ!"

ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಅವನಿಗೆ ಕೇಳಿಸಲಿಲ್ಲ.

"ನಿನ್ನ ಬಿಟ್ಟು ಇರಾಕ ಆಗದಾಂವ. ಹೋಗಬ್ಯಾಡ ಶೈಲಾ."

ಅವಳು ಅಳುತ್ತಲೇ ನಕ್ಕಳು. "ಎಲ್ಲಿಗಿ ಹೋಗ್ಲಿ? ಸಾಹುಕಾರ್ರ ಅಂಗಡಿ ಬಾಗಲಾಗ ಚಪ್ಪಲಿ ಬಿಟ್ಟು ಬಂದೀನಿ!"

ಅವನು ಅವಳ ಪಾದ ನೋಡಿದ. ಬಿಸಿಲೇರಿ ಕಾದ ಹಾಸುಬಂಡೆಯ ಮೇಲೆ ಬರಿಗಾಲು! ತಕ್ಷಣ ತನ್ನ ಚಪ್ಪಲಿ ಕಳಚಿ ಮುಂದಿಟ್ಟ.

"ಹಾಕ್ಕೊ."

"ದೊಡ್ಡವು ಅದಾವ್ರಿ... ನಡೆಯಾಕ ಬರಂಗಿಲ್ಲ."

"ಬರ್ತೈತಿ," ಎಂದು ಅವನು ಕೈ ಹಿಡಿದ. "ಮೆಲ್ಲಕ ಹೋಗೋಣು."