ಹೋಗಿ ಬಾ ಎನ್ನದ ಮಾಟಗಾರ

ನವಿಲುಗಳು ಕೋಟೆಯ ಕಾವಲು ಕಾಯುತ್ತಿದ್ದ ಕಾಲದಲ್ಲಿ ಹಂಸಾವತಿ ಎಂಬ ರಾಜ್ಯವಿತ್ತು. ಅದರ ಅಂಚಿನ ಹಟ್ಟಿಯೊಂದರಲ್ಲಿ ಚೆಲುವಿ ಎಂಬ ಹುಡುಗಿ, ಅವಳ ತಮ್ಮ ಬೊಮ್ಮ ಮತ್ತು ಅಜ್ಜಿ ಇದ್ದರು. ಅವ್ವ ತೀರಿಕೊಂಡ ಮೇಲೆ ಚೆಲುವಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಳು ಬರಬೇಕಾದ ಕಡೆಯೆಲ್ಲ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಬೊಮ್ಮ ಅವ್ವನ ಕೊಂಬಿನ ಬಾಚಣಿಗೆಯಿಂದ ಎಮ್ಮೆಯ ಬಾಲ ಬಾಚಲು ಹೋದ. ಬಾಚಣಿಗೆ ಮುರಿಯಿತು.

"ಹೋಗು! ಮತ್ತೆ ಬರಬೇಡ!" ಎಂದು ಚೆಲುವಿ ಕಿರುಚಿದಳು.

ಅಂಗಳದಲ್ಲಿ ಸುಂಟರಗಾಳಿ ಎದ್ದಿತು. ಗಾಳಿ ಇಳಿದಾಗ ಬೊಮ್ಮ ಇರಲಿಲ್ಲ.

ಅಜ್ಜಿ ಎದೆ ಹಿಡಿದುಕೊಂಡು ಕುಳಿತಳು. "ಕರಿಗವಿಯ ಮಾಟಗಾರ ಒಯ್ದ ಕಣೇ. ಬರಬೇಡ ಅನ್ನಿಸಿಕೊಂಡ ಮಕ್ಕಳೆಲ್ಲ ಅವನ ಪಾಲು. ಹೊತ್ತು ಮುಳುಗೋದರೊಳಗೆ ಕರೆತರದಿದ್ದರೆ ಬೊಮ್ಮ ಕಲ್ಲಾಗ್ತಾನೆ. ಆ ಮಾಟಗಾರನ ನಾಲಿಗೆ ಒಮ್ಮೆ 'ಬಾ' ಅಂದರೆ ಅವನ ಮಾಟವೆಲ್ಲ ಮುರಿಯುತ್ತೆ. ಅದಕ್ಕೇ ಅವನು ಯಾರನ್ನೂ ಕರೆಯೋದಿಲ್ಲ."

"ನನ್ನಿಂದಲೇ ಆಯ್ತು. ನಾನೇ ಹೋಗ್ತೀನಿ."

"ಹೋಗ್ತೀನಿ ಅನ್ನಬಾರದು. ಹೋಗಿ ಬರ್ತೀನಿ ಅನ್ನು."

"ಹೋಗಿ ಬರ್ತೀನಿ ಅಜ್ಜಿ."

"ಹ್ಞೂ, ಹೋಗಿ ಬಾ ಮಗಾ." ಅಜ್ಜಿ ಸೋರೆಬುರುಡೆಯಲ್ಲಿ ನೀರು ತುಂಬಿಕೊಟ್ಟಳು. "ಅವನ ಸೀಮೆಯಲ್ಲಿ ಸಿಟ್ಟಿನಿಂದ ಬಾಯಿ ಬಿಟ್ಟವರೂ ಕಲ್ಲೇ. ಸಿಟ್ಟು ಬಂದಾಗ ಒಂದು ಗುಟುಕು ಬಾಯಲ್ಲಿ ಹಿಡಿ. ಎದೆ ತಣ್ಣಗಾಗೋವರೆಗೆ ನುಂಗಬೇಡ."

ದಾರಿಯಲ್ಲಿ ಮಾತಾಡುವ ಗೊರವಂಕಗಳ ಮರವಿತ್ತು. ಮರದ ಬುಡದಲ್ಲಿ ಬಾಯಿ ತೆರೆದ ಕಲ್ಲಿನ ಮನುಷ್ಯರು.

"ಬಂದಳು ನೋಡ್ರೋ ಸಿಂಬಳ ಸುರುಕಿ! ಅದು ತಲೆಯೋ, ಕಾಗೆ ಗೂಡೋ?"

ಚೆಲುವಿಯ ಕಿವಿ ಬಿಸಿಯಾಯಿತು. ಒಂದು ಗುಟುಕು ಬಾಯಲ್ಲಿ ಹಿಡಿದಳು. ಕೆನ್ನೆ ಉಬ್ಬಿಸಿಕೊಂಡೇ ನಡೆದಳು. ತಿರುಗಿ ಬೈಯದವಳನ್ನು ಎಷ್ಟೆಂದು ಬೈಯುವುದು? ಹಕ್ಕಿಗಳು ಬೇಸತ್ತು ಸುಮ್ಮನಾದವು.

ಗವಿಯ ಬಾಗಿಲಲ್ಲಿ ಎರಡು ತಲೆಯ ತೋಳ ಮಲಗಿತ್ತು.

"ತಮ್ಮನನ್ನು ಅಟ್ಟಿದ್ದು ಯಾರು?" ಎಂದಿತು ಒಂದು ತಲೆ.

"ಇವಳೇ. ಅವ್ವ ಇದ್ದಿದ್ದರೆ ಇವಳ ಮುಖ ನೋಡುತ್ತಿದ್ದಳೇ?" ಎಂದಿತು ಇನ್ನೊಂದು.

ತಮ್ಮನನ್ನು ಅಟ್ಟಿದ್ದು ನಿಜವಾದ್ದರಿಂದ ಅವ್ವನ ಮಾತು ಹೆಚ್ಚು ಸುಟ್ಟಿತು. ಚೆಲುವಿ ನೀರು ಬಾಯಲ್ಲಿ ಹಿಡಿದು ನಿಂತಳು. ಬಹಳ ಹೊತ್ತು ನಿಂತಳು. ಸಿಟ್ಟಿನ ಅಡಿಯಿಂದ ಅಳು ಬಂತು. ಅವ್ವ ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲು. ಸಿಟ್ಟು ತಿಂದು ಬದುಕುವ ತೋಳಕ್ಕೆ ಅಲ್ಲಿ ತಿನ್ನಲು ಏನೂ ಇರಲಿಲ್ಲ. ಬಾಲ ಮುದುಡಿ ದಾರಿ ಬಿಟ್ಟಿತು.

ಒಳಗೆ ಸೊಂಟದವರೆಗೆ ಕಲ್ಲಾದ ಬೊಮ್ಮ ನಿಂತಿದ್ದ. ಅಕ್ಕನ ಗುರುತು ಅವನಿಗೆ ಸಿಗಲಿಲ್ಲ.

"ಯಾರೇ ನೀನು? ಹೋಗು!" ಎಂದು ಸೋರೆಬುರುಡೆಗೆ ಹೊಡೆದ. ಅದು ಒಡೆದು ನೀರೆಲ್ಲ ನೆಲ ಸೇರಿತು. ಕಲ್ಲು ಅವನ ಎದೆಗೇರಿತು. ಹೊರಗೆ ಬಿಸಿಲು ಕೆಂಪಾಗುತ್ತಿತ್ತು.

ಚೆಲುವಿಯ ಗಂಟಲಿಗೆ ಸಿಟ್ಟು ಬಂತು. ನೀರಿರಲಿಲ್ಲ. ಆದರೂ ನೀರಿದ್ದಂತೆಯೇ ತುಟಿ ಬಿಗಿದು ನಿಂತಳು. ಎದೆ ತಣ್ಣಗಾದ ಮೇಲೆ ಬಾಯಿ ತೆರೆದಳು.

"ಬಾಚಣಿಗೆ ಹೋದರೆ ಹೋಗಲಿ. ಅವ್ವನ ನೆನಪಿಗೆ ನೀನಿದ್ದೀಯಲ್ಲ. ಬಾರೋ ಬೊಮ್ಮ."

ಅವನ ಮೈಮೇಲಿನ ಕಲ್ಲು ಹುರುಪೆಯಂತೆ ಉದುರಿತು. "ಅಕ್ಕಾ!" ಎಂದು ಅವಳನ್ನು ತಬ್ಬಿಕೊಂಡ.

ಆಗ ಗವಿಯ ಬಾಯಿಗೆ ಬಂಡೆ ಉರುಳಿ ಬಿತ್ತು. ಕತ್ತಲೆಯೊಳಗಿಂದ ಮಾಟಗಾರ ಎದ್ದುಬಂದ. ಗಡ್ಡ ನೆಲ ಗುಡಿಸುತ್ತಿತ್ತು.

"ನನ್ನ ಅಪ್ಪಣೆಯಿಲ್ಲದೆ ಈ ಬಂಡೆ ಸರಿಯೋದಿಲ್ಲ. ಬೈಯಿ ಹುಡುಗಿ, ಬೈಯಿ! ಎಲ್ಲಿ ನಿನ್ನ ನೀರು?"

ಬಂಡೆಯ ಸಂದಿನ ಬೆಳಕು ನೂಲಿನಷ್ಟಾಯಿತು. ಚೆಲುವಿ ಅವನನ್ನು ನೋಡಿದಳು. ಅಜ್ಜಿಗಿಂತಲೂ ಮುದುಕ. ಇವನ ಬಳಿಯಿಂದ ಓಡಿಹೋದವರು ಇದ್ದಿರಬಹುದು, ಹೇಳಿ ಹೋದವರು ಒಬ್ಬರೂ ಇರಲಿಕ್ಕಿಲ್ಲ. ಅವಳು ತಮ್ಮನ ಕೈಹಿಡಿದು, ಬಗ್ಗಿ ಮುದುಕನ ಕಾಲು ಮುಟ್ಟಿದಳು.

"ಹೋಗಿ ಬರ್ತೀನಿ ತಾತ."

ಎಂದೋ ಒಬ್ಬ ತಾಯಿ ಆ ಮಾಟಗಾರನಿಗೂ ಮಾತು ಕಲಿಸಿದ್ದಳು. ಮನಸ್ಸಿಗಿಂತ ಮೊದಲು ಅವನ ನಾಲಿಗೆ ಹೊರಳಿತು.

"ಹ್ಞೂ, ಹೋಗಿ ಬಾ ಮಗಾ."

ಅಂದವನೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಡಿದ ಮಾತು ಆಡಿಯಾಗಿತ್ತು. ಬಂಡೆ ಸೀಳಿಹೋಯಿತು. ಗವಿಯ ಕಲ್ಲುಗಳೆಲ್ಲ ಮಕ್ಕಳಾಗಿ ಎದ್ದವು, ಮರದ ಬುಡದ ಮನುಷ್ಯರು ತೆರೆದ ಬಾಯಿ ಮುಚ್ಚಿದರು. ಮಾಟವೆಲ್ಲ ಇಳಿದು, ಅಲ್ಲಿ ಬರೀ ಒಬ್ಬ ಮುದುಕ ಉಳಿದ.

ಚೆಲುವಿಗೆ ಆಮೇಲೂ ಸಿಟ್ಟು ಬರುತ್ತಿತ್ತು. ಹೊಸಿಲ ಬಳಿ ನೀರಿನ ಚೆಂಬು ಇರುತ್ತಿತ್ತು. "ಅಕ್ಕನ ಕೆನ್ನೆ ಉಬ್ಬಿತು!" ಎಂದು ಬೊಮ್ಮ ಕೂಗಿದರೆ ನೀರೆಲ್ಲ ನಗುವಾಗಿ ಹೊರಬೀಳುತ್ತಿತ್ತು. ಹಂಸಾವತಿಯಲ್ಲಿ ಅಂದಿನಿಂದ ಯಾರೂ ಮಕ್ಕಳಿಗೆ ಬರೀ 'ಹೋಗು' ಎನ್ನಲಿಲ್ಲ. ಎಲ್ಲರೂ ಉಂಡು, ನಕ್ಕು, ನೆಮ್ಮದಿಯಾಗಿ ಬಾಳಿದರು. ಆ ಎಮ್ಮೆಯ ಬಾಲ ಮಾತ್ರ ಕೊನೆಯವರೆಗೂ ಸಿಕ್ಕುಸಿಕ್ಕಾಗಿಯೇ ಉಳಿಯಿತು.