ವೀಸಾ ಮುಗೀಲಿ, ಹೇಳ್ತೀನಿ

"ಮೇಡಂ, ನಗಬಾರದು. ವೀಸಾ ಫೋಟೋ ಇದು. ಹಲ್ಲು ಕಾಣಿಸಬಾರದು, ಕಿವಿ ಎರಡೂ ಕಾಣಿಸ್ಬೇಕು."

"ಕಿವಿ ನೋಡ್ಕೊಂಡು ವೀಸಾ ಕೊಡ್ತಾರೇನ್ರೀ?"

"ಚೆನ್ನಾಗಿರೋ ಕಿವಿಗೆ ಕೊಡ್ತಾರೆ. ನಿಮ್ಗೆ ಗ್ಯಾರಂಟಿ."

ಹೀಗಂದರೆ ಯಾರಿಗೆ ನಗು ಬರುವುದಿಲ್ಲ? ತುಮಕೂರಿನ ಬಿ.ಎಚ್. ರಸ್ತೆಯ ನೇತ್ರಾ ಡಿಜಿಟಲ್ ಸ್ಟುಡಿಯೋದಲ್ಲಿ, ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ ಇಂಪನಾ ಮತ್ತೆ ನಕ್ಕುಬಿಟ್ಟಳು. ಸ್ಟುಡಿಯೋದ ಚಂದ್ರು ಕ್ಯಾಮೆರಾ ಇಳಿಸಿ, ಗೋಡೆಗೆ ಒರಗಿ, ನಿಮಗೆ ಸಾಕಾದಾಗ ಹೇಳಿ ಎನ್ನುವ ಹಾಗೆ ಕಾದು ನಿಂತ. ಕಾಯುತ್ತಾ ನೋಡುತ್ತಿದ್ದ. ಆ ನೋಟಕ್ಕೆ ಅವಳ ನಗು ತಾನಾಗಿ ನಿಂತಿತು, ಕಿವಿ ಮಾತ್ರ ಬಿಸಿಯಾಯಿತು. ಟಕ್ ಅಂತ ಕ್ಯಾಮೆರಾ ಸದ್ದಾಯಿತು. ಇದು ಒಂದು ವರ್ಷದ ಹಿಂದಿನ ಮಾತು.

ಇಂಪನಾ ಗುಬ್ಬಿ ರಸ್ತೆಯ ಕಂಪನಿಯೊಂದರಲ್ಲಿ ಎಕ್ಸ್‌ಪೋರ್ಟ್ ನೋಡಿಕೊಳ್ಳುವವಳು. ತೆಂಗಿನ ಸಿಪ್ಪೆಯ ನಾರಿನ ಪುಡಿಯನ್ನು ಇಟ್ಟಿಗೆ ಮಾಡಿ ಹಾಲೆಂಡಿಗೆ ಕಳಿಸುವ ಕಂಪನಿ ಅದು. ಅಲ್ಲಿಯವರು ಮಣ್ಣಿನ ಬದಲು ಅದರಲ್ಲಿ ಟೊಮೆಟೊ ಬೆಳೆಯುತ್ತಾರೆ. ಗುಬ್ಬಿ ಹತ್ತಿರದ ತಮ್ಮೂರು ಕಡಬದ ತೋಟದಲ್ಲಿ ನೀರೊಲೆಗೆ ಹಾಕುತ್ತಿದ್ದ ಸಿಪ್ಪೆ ಹಡಗು ಹತ್ತುತ್ತದೆ ಅಂದರೆ ಅವಳ ಅಪ್ಪ ವೆಂಕಟರಂಗಯ್ಯ ಈಗಲೂ ಅರ್ಧ ಮಾತ್ರ ನಂಬುತ್ತಾರೆ.

ಆ ಫೋಟೋ ಅಂಟಿಸಿಕೊಂಡು ಒಂದು ವರ್ಷದ ಬಿಸಿನೆಸ್ ವೀಸಾ ಬಂತು. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಇಂಪನಾಗೆ ಅದು ಹಾಲೆಂಡಿಗಿಂತ ಮನೆಯಲ್ಲೇ ಜಾಸ್ತಿ ಉಪಯೋಗಕ್ಕೆ ಬಂತು. ಸದಾಶಿವನಗರದ ಮನೆಯಲ್ಲಿ ಮದುವೆ ಮಾತು ಎದ್ದಾಗಲೆಲ್ಲ ಅವಳದು ಒಂದೇ ಉತ್ತರ, "ವೀಸಾ ಮುಗೀಲಿ, ಹೇಳ್ತೀನಿ."

ಅವಳು ಕಾಯುತ್ತಿದ್ದದ್ದು ಚಂದ್ರುವಿನ ಒಂದು ಮಾತಿಗೆ. ಪ್ರತಿ ಸಲ ಊರು ಬಿಡುವ ಮುಂಚೆ ಏನಾದರೂ ನೆಪ ಮಾಡಿಕೊಂಡು ಸ್ಟುಡಿಯೋಗೆ ಹೋಗುತ್ತಿದ್ದಳು. ಪಾಸ್‌ಪೋರ್ಟಿನ ಝೆರಾಕ್ಸ್, ಐಡಿ ಕಾರ್ಡಿನ ಲ್ಯಾಮಿನೇಶನ್, ಏನೂ ಸಿಗದಿದ್ದರೆ ಚಿಲ್ಲರೆ. ವಾಪಸ್ ಬಂದಾಗ ಚಾಕೊಲೇಟ್ ಕೊಡುತ್ತಿದ್ದಳು. ಹೆಬ್ಬೂರಿನ ಚಂದ್ರುವಿಗೆ ಮಾತಿನ ಬರವೇನೂ ಇರಲಿಲ್ಲ. ಆದರೆ ಆಡಲೇಬೇಕಾದ ಮಾತು ಹತ್ತಿರ ಬಂತು ಅಂದರೆ ಸಾಕು, ಲೆನ್ಸ್ ಒರೆಸಲು ಶುರು ಮಾಡುತ್ತಿದ್ದ. ಒಂದು ವರ್ಷ ಒರೆಸಿದ.

ವೀಸಾ ಮುಗಿಯಲು ಇನ್ನೊಂದು ವಾರ ಇರುವಾಗ ಕಂಪನಿಯವರು, ಮುಗಿಯುವುದರೊಳಗೆ ಒಂದು ಸಲ ಹೋಗಿ ಬಂದುಬಿಡಮ್ಮ, ದೊಡ್ಡ ಆರ್ಡರ್ ಇದೆ ಅಂದರು. ಮನೆಯಲ್ಲಿ ಅಮ್ಮ ಲಕ್ಷ್ಮೀದೇವಮ್ಮ ಅವರಿಗಿಂತ ಚುರುಕು. ಕುಣಿಗಲ್‌ನ ಎಂಜಿನಿಯರ್ ಹುಡುಗ, ಒಳ್ಳೇ ಮನೆತನ. ಇವಳು ವಾಪಸ್ ಬಂದ ಭಾನುವಾರವೇ ಕುಣಿಗಲ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ.

"ಈಗಂತೂ ವೀಸಾ ಮುಗೀತು ಕಣೇ. ಇನ್ನೇನ್ ನೆಪ ಹೇಳ್ತೀಯ?"

ಇಂಪನಾ ಹೂಂ ಅಂದಳು.

ಹೊರಡುವ ದಿನ ಅವಳು ಗೇಟಿನತ್ತ ನಡೆಯುವಾಗ ಅಮ್ಮನಿಗೆ ಚಟ್ನಿಪುಡಿ ಕೊಡಲು ಮರೆತದ್ದು ನೆನಪಾಯಿತು. ಹೊರಟವರನ್ನು ಹಿಂದಿನಿಂದ ಕರೆಯಬಾರದು, ಕರೆದರೆ ಹೋದ ಕೆಲಸ ಕೆಡುತ್ತದೆ. ಲಕ್ಷ್ಮೀದೇವಮ್ಮ ಬಾಯಿ ಬಿಡಲಿಲ್ಲ. ಹಿತ್ತಲ ಬಾಗಿಲಿಂದ ಬರಿಗಾಲಲ್ಲಿ ಓಡಿ, ಮನೆ ಸುತ್ತಿಕೊಂಡು ಬಂದು, ಮಗಳ ಎದುರಿಗೆ ನಿಂತು ಏದುಸಿರು ಬಿಡುತ್ತಾ ಪೊಟ್ಟಣ ಕೈಗಿಟ್ಟರು.

ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಇಂಪನಾ ಸ್ಟುಡಿಯೋಗೆ ಹೋದಳು. ಈ ಸಲ ನೆಪವೂ ಇರಲಿಲ್ಲ.

"ಏನ್ ಮೇಡಂ, ಝೆರಾಕ್ಸಾ?"

"ಅಲ್ಲ. ವೀಸಾ ಮುಗೀತಿದೆ. ಇದೇ ಕೊನೆ ಟ್ರಿಪ್ಪು. ವಾಪಸ್ ಬಂದ ಭಾನುವಾರ ಕುಣಿಗಲ್‌ನವ್ರು ನನ್ನನ್ನ ನೋಡ್ತಾರೆ, ಚಿಕ್ಕಮ್ಮನ ಮನೇಲಿ."

ಚಂದ್ರು ಲೆನ್ಸ್ ಕೈಗೆತ್ತಿಕೊಂಡ. ಒರೆಸಿದ. "ಒಳ್ಳೇದು" ಅಂದ. ಆಮೇಲೆ, "ಗೊತ್ತಾಯ್ತು. ನಿಮ್ಮಮ್ಮ ಫೋನ್ ಮಾಡಿದ್ರು. ನಿಮ್ದೊಂದು ದೊಡ್ಡ ಫೋಟೋ ಪ್ರಿಂಟ್ ಹಾಕಿಡು ಅಂದ್ರು, ಅವ್ರಿಗೆ ಕೊಡೋಕೆ."

"ಹಾಕಿಡ್ತೀರಾ?"

"ಹಾಕಿಡ್ತೀನಿ."

ಇಂಪನಾ ಸೂಟ್‌ಕೇಸ್ ಎತ್ತಿಕೊಂಡಳು. ಮೆಟ್ಟಿಲಿಳಿದು ಬಸ್ ಸ್ಟಾಪಿನತ್ತ ನಡೆದಳು. ಸೂಟ್‌ಕೇಸಿನ ಒಂದು ಚಕ್ರ ಕಿರ್ರೆನ್ನುತ್ತಿತ್ತು. ಬೇಕೆಂದೇ ನಿಧಾನಕ್ಕೆ ನಡೆದಳು. ಒಂದು ಸಲ ಕರೆಯಬಾರದೇ? ಹೆಸರು ಹಿಡಿದು ಒಂದೇ ಒಂದು ಸಲ? ಬಸ್ಸಿನ ಬಾಗಿಲಲ್ಲಿ ನಿಂತು ತಿರುಗಿ ನೋಡಿದರೆ ಸ್ಟುಡಿಯೋದ ಶಟರ್ ಅರ್ಧ ಇಳಿದಿತ್ತು, ಅಲ್ಲಿ ಯಾರೂ ಇರಲಿಲ್ಲ. ಊಟಕ್ಕೆ ಹೋಗಿರಬೇಕು ಮಹರಾಯ, ಬಸ್ಸು ಹೊರಡುವ ತನಕವೂ ತಡೆದುಕೊಳ್ಳಲಾಗಲಿಲ್ಲ. ಬಸ್ಸು ಹೊರಟ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು.

ಆ ಕಡೆಯ ಏರ್‌ಪೋರ್ಟಿನಲ್ಲಿ ಅಧಿಕಾರಿ ವೀಸಾದ ತಾರೀಕು ನೋಡಿ ಹುಬ್ಬೇರಿಸಿದ. ಮುಗಿಯುವುದರೊಳಗೆ ವಾಪಸ್ ಹೋಗಬೇಕು, ಗೊತ್ತಲ್ಲ ಅಂದ. ಗೊತ್ತು ಅಂದಳು. ಅವನು ವೀಸಾದ ಫೋಟೋ ನೋಡಿದ, ಅವಳ ಮುಖ ನೋಡಿದ, ಮತ್ತೆ ಫೋಟೋ ನೋಡಿದ.

"ಫೋಟೋದಲ್ಲಿ ನೀವು ನಗು ತಡೆದುಕೊಂಡ ಹಾಗಿದೆ" ಅಂದ ಇಂಗ್ಲಿಷಿನಲ್ಲಿ.

"ಹೌದು" ಅಂದಳು ಇಂಪನಾ. ಈಗ ತಡೆಯಲು ಅವಳ ಹತ್ತಿರ ನಗುವೇ ಇರಲಿಲ್ಲ.

ಕೆಲಸ ಚೆನ್ನಾಗಿಯೇ ನಡೆಯಿತು. ಗಾಜಿನ ಮನೆಯೊಳಗೆ ಸಾಲುಸಾಲು ಟೊಮೆಟೊ ಬಳ್ಳಿ, ಅದರ ಬುಡದಲ್ಲಿ ನಮ್ಮೂರಿನ ನಾರಿನ ಪುಡಿ. ಯಾರೂ ನೋಡದಾಗ ಅವಳು ಒಂದು ಹಿಡಿ ತೆಗೆದು ಮೂಸಿದಳು. ಒದ್ದೆ ಸಿಪ್ಪೆಯ ವಾಸನೆ ಬಂತು. ಕಡಬದ ಕೆರೆ ಏರಿ ಕಣ್ಣ ಮುಂದೆ ಬಂತು. ಅಷ್ಟು ದೂರ ಬಂದ ಇದರಲ್ಲೂ ಬಳ್ಳಿ ಬೇರು ಬಿಡುತ್ತಿದೆ, ನಾನು ಯಾರಿಗೂ ಬೇಡವಾಗಿ ನಿಂತಿದ್ದೀನಿ ಅನ್ನಿಸಿತು.

ಸಂಜೆಯ ಹೊತ್ತು ಕಾಲುವೆಯ ಪಕ್ಕ ನಡೆಯುತ್ತಿದ್ದಳು. ಗಾಳಿಗೆ ಕಿವಿ ಮರಗಟ್ಟುತ್ತಿತ್ತು. ಜನ ಸೈಕಲ್ಲಿನಲ್ಲಿ ಸುಯ್ಯೆಂದು ಹೋಗುತ್ತಿದ್ದರು. ಹಿಂದಿನಿಂದ ಯಾರಾದರೂ ಯಾರನ್ನಾದರೂ ಕೂಗಿದರೆ ಅವಳು ತಿರುಗಿ ನೋಡುತ್ತಿದ್ದಳು. ತನ್ನನ್ನಲ್ಲ. ಆ ಊರಲ್ಲಿ ಅವಳ ಹೆಸರನ್ನು ಸರಿಯಾಗಿ ಕರೆಯಲು ಬರುವವರೇ ಇರಲಿಲ್ಲ.

ಚಂದ್ರುವಿನಿಂದ ಬಂದದ್ದು ಒಂದೇ ಮೆಸೇಜು, "ತಲುಪಿದ್ರಾ?" ಹೂಂ ಅಂತ ಕಳಿಸಿದಳು. "ಊಟ ಆಯ್ತಾ ಅವತ್ತು?" ಅಂತ ಟೈಪ್ ಮಾಡಿ ಅಳಿಸಿದಳು. ಹೋಟೆಲ್ ರೂಮಿನಲ್ಲಿ ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುವಾಗ ಅಮ್ಮ ಓಡಿ ಬಂದದ್ದು ನೆನಪಾಯಿತು. ಕರೆಯಬಾರದು ಸರಿ. ಬೇಕು ಅನ್ನುವವರು ಸುತ್ತು ಹಾಕಿಕೊಂಡಾದರೂ ಎದುರಿಗೆ ಬರುತ್ತಾರೆ. ಅವನು ಅದನ್ನೂ ಮಾಡಲಿಲ್ಲವಲ್ಲ.

ಹೊರಡುವ ಹಿಂದಿನ ದಿನ ಅಲ್ಲಿಯವರು, ಇನ್ನೊಂದು ವರ್ಷದ ವೀಸಾಕ್ಕೆ ಪತ್ರ ಕೊಡೋಣವೇ ಅಂದರು. ಇನ್ನೊಂದು ವರ್ಷದ ನೆಪ. ಇನ್ನೊಂದು ವರ್ಷ ಅವನು ಲೆನ್ಸ್ ಒರೆಸುವುದನ್ನು ನೋಡುವುದು.

"ಈಗ ಬೇಡ. ಬೇಕಾದಾಗ ಕೇಳ್ತೀನಿ" ಅಂದಳು.

ಭಾನುವಾರ ಬಂತು. ಕುಣಿಗಲ್ಲಿಗೆ ಹೊರಟ ಕಾರು ಸ್ಟುಡಿಯೋ ಮುಂದೆ ನಿಂತಿತು. ಅಪ್ಪ ಸ್ಟೀರಿಂಗ್ ಹಿಡಿದಿದ್ದರು, ಅಮ್ಮನ ಮಡಿಲಲ್ಲಿ ಹೂವು ಹಣ್ಣಿನ ತಟ್ಟೆ. "ಬೇಗ ಫೋಟೋ ಈಸ್ಕೊಂಡ್ ಬಾರೇ" ಅಂದರು ಅಮ್ಮ. ಇಂಪನಾ ಹಸಿರು ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಇವತ್ತು ತಾನೇ ಕೇಳಿಬಿಡಬೇಕು, ಇಲ್ಲದಿದ್ದರೆ ಕುಣಿಗಲ್‌ನಲ್ಲಿ ಹೂಂ ಅಂದುಬಿಡಬೇಕು ಎಂದುಕೊಂಡೇ ಬಂದಿದ್ದಳು. ಅವನ ಮುಖ ನೋಡಿದ ಮೇಲೆ ನಾಲಿಗೆ ಏಳಲಿಲ್ಲ. ವಾರದಲ್ಲಿ ಸೊರಗಿದ್ದ. ಗಡ್ಡ ಬಿಟ್ಟಿದ್ದ.

ಅವನು ಕವರ್ ಮುಂದಿಟ್ಟ. "ಚೆನ್ನಾಗಿ ಬಂದಿದೆ."

"ಕಿವಿ ಕಾಣ್ಸತ್ತಾ?"

"ಎರಡೂ."

ಅಷ್ಟೇ. ಕವರ್ ತೆಗೆದುಕೊಂಡಳು. ತಿರುಗಿದಳು. ಹೊಸ್ತಿಲು ದಾಟಿದಳು. ಮೆಟ್ಟಿಲಿಗೆ ಕಾಲಿಟ್ಟಳು.

"ಇಂಪನಾ!"

ಮೇಡಂ ಇಲ್ಲ, ಅವ್ರೇ ಇಲ್ಲ. ಬೀದಿಗೆಲ್ಲ ಕೇಳುವ ಹಾಗೆ, ಹಿಂದಿನಿಂದ.

ಅವಳು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. "ಹೊರಟೋರ್ನ ಹಿಂದಿನಿಂದ ಕರೀತಾರೇನ್ರೀ? ಹೋದ ಕೆಲಸ ಕೆಡಲ್ವಾ?"

"ಕೆಡ್ಲಿ ಅಂತಾನೇ ಕರೆದೆ" ಅಂದ ಚಂದ್ರು.

ಅವನ ಕೈಯಲ್ಲಿ ಲೆನ್ಸ್ ಇರಲಿಲ್ಲ.

"ಅವತ್ತು ಯಾಕೆ ಕರೀಲಿಲ್ಲ?"

"ಅವತ್ತು ವಿಮಾನ ಹತ್ತೋಳು ನೀನು. ನಿನ್ ಪ್ರಯಾಣ ಕೆಡ್ಸೋಕಾಗತ್ತಾ? ಶಟರ್ ಎಳ್ದು ಹಿಂದಿನ ಗಲ್ಲಿಯಿಂದ ಓಡಿದೆ, ಎದುರಿಗೆ ಬಂದು ಹೇಳೋಣ ಅಂತ. ನಾನು ತಿರುವು ದಾಟೋದ್ರಲ್ಲಿ ಬಸ್ಸು ಹೊರಟೋಯ್ತು."

"ನಾನು ಊಟಕ್ಕೆ ಹೋದ್ರಿ ಅನ್ಕೊಂಡೆ."

"ಅವತ್ತಿಂದ ಊಟಾನೇ ಸೇರ್ತಿಲ್ಲ."

ಒಂದು ವಾರ ತಡೆದಿಟ್ಟದ್ದೆಲ್ಲ ಇಂಪನಾಳ ಕಣ್ಣಿಗೆ ಬಂತು. ಕಣ್ಣು ತುಂಬಿದರೂ ಹಲ್ಲು ಕಾಣುವ ಹಾಗೆ ನಕ್ಕಳು. ಒಳಗೆ ಬಂದಳು, ಬಿಳಿ ಪರದೆಯ ಮುಂದಿನ ಅದೇ ಸ್ಟೂಲಿನ ಮೇಲೆ ಕೂತಳು. ಕವರನ್ನು ಕೌಂಟರಿನ ಮೇಲೆ ಬೋರಲು ಹಾಕಿದಳು.

"ಹಿಂದಿನಿಂದ ಕರೆದ್ರೆ ಕೂತು ನೀರು ಕುಡೀಬೇಕು. ನೀರು ಕೊಡಿ."

ಚಂದ್ರು ಲೋಟ ತುಂಬಿಸಿ ಕೊಟ್ಟ. ಅವಳು ಕುಡಿಯುತ್ತಾ ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡಿದಳು. ಅವನು ಈ ಸಲ ನೋಟ ತಪ್ಪಿಸಲಿಲ್ಲ.

ಕೆಳಗೆ ಕಾರಿನ ಹಾರನ್ನು ಒಂದು ಸಲ ಬಡಿದುಕೊಂಡಿತು. ಮತ್ತೊಂದು ಸಲ ಬಡಿದುಕೊಂಡಿತು. ಆಮೇಲೆ ಲಕ್ಷ್ಮೀದೇವಮ್ಮನೇ ಮೆಟ್ಟಿಲು ಹತ್ತಿ ಬಂದರು.

"ಏನೇ ಇದು, ರಾಹುಕಾಲ ಬರತ್ತೆ ಅಂದ್ರೆ ಇಲ್ಲಿ ಕೂತಿದೀಯ?"

"ಚಂದ್ರು ಹಿಂದಿನಿಂದ ಕರೆದ್ರಮ್ಮ."

"ಅಯ್ಯೋ ಶಿವನೇ! ಸರಿ, ನೀರು ಕುಡ್ದು ಏಳು, ಹೋಗೋಣ."

"ಕುಡ್ದಾಯ್ತು. ಏಳಲ್ಲ." ಇಂಪನಾ ಅಮ್ಮನ ಕಣ್ಣಲ್ಲಿ ಕಣ್ಣಿಟ್ಟಳು. "ವೀಸಾ ಮುಗೀತಮ್ಮ. ಹೇಳ್ತೀನಿ ಅಂದಿದ್ನಲ್ಲ."

ಲಕ್ಷ್ಮೀದೇವಮ್ಮ ಮಗಳನ್ನು ನೋಡಿದರು. ಗಡ್ಡದ ಹುಡುಗನನ್ನು ನೋಡಿದರು. ಕೌಂಟರಿನ ಮೇಲೆ ಬೋರಲು ಬಿದ್ದಿದ್ದ ಕವರನ್ನು ನೋಡಿದರು. ವರ್ಷವಿಡೀ ಮಾಡಿಸಿದ ಝೆರಾಕ್ಸುಗಳೆಲ್ಲ ಅವರಿಗೆ ಈಗ ಅರ್ಥವಾದವು. ಕೆಳಗೆ ಹಾರನ್ನು ಮತ್ತೆ ಬಡಿದುಕೊಂಡಿತು. ಅವರು ಅತ್ತ ತಿರುಗಲಿಲ್ಲ, ಸೆರಗಿನಿಂದ ಕತ್ತು ಒರೆಸಿಕೊಂಡು ಪಕ್ಕದ ಕುರ್ಚಿ ಎಳೆದು ಕೂತರು.

"ನಂಗೂ ಒಂದ್ ಲೋಟ ನೀರು ಕೊಡಪ್ಪ" ಅಂದರು.